ಹೃದಯ ಬಡಿಯುತ್ತಿತ್ತಲ್ಲ...

ಮೊನ್ನೆ ತರಗತಿಯಲ್ಲಿ ಮೆದುಳಿನ ಪಾಠ ಮಾಡುತ್ತಿದ್ದೆ. ಹಿಂದಿನ ಬೆಂಚಿನ ಹುಡುಗಿ ಎದ್ದು ಕೇಳಿದಳು: "ಮಾಷ್ಟ್ರೆ, ಮೆದುಳು ಸತ್ತ ಮೇಲೂ ಹೃದಯ ಬಡಿಯುತ್ತದಾ?"

ನನ್ನ ಬಾಯಿ ಕಟ್ಟಿಹೋಯಿತು.

ಕೆಲವು ವರ್ಷಗಳ ಹಿಂದೆ ತಂಗಿಯ ಗಂಡ ಬೈಕಿನಿಂದ ಬಿದ್ದರು. ಕಾಸರಗೋಡಿನವರು ನಾವು, ದೊಡ್ಡ ಕಾಯಿಲೆಗೆಲ್ಲ ಮಂಗಳೂರಿಗೇ ಓಡುವವರು. ಮೂರನೇ ದಿನ ಡಾಕ್ಟರು ಕರೆದು, ಮೆದುಳು ಪೂರ್ತಿ ಸತ್ತಿದೆ, ಅಂಗಾಂಗ ದಾನದ ಬಗ್ಗೆ ಯೋಚಿಸಿ ಅಂದರು. ತಂಗಿ ಒಳಗೆ ಹೋಗಿ ನರ್ಸನ್ನು ಕೇಳಿದಳು. "ಹೃದಯ ಬಡಿಯುತ್ತಾ ಇದೆ ಅಕ್ಕಾ, ದೇವರನ್ನು ಬೇಡಿಕೊಳ್ಳಿ" ಅಂದರಂತೆ ಅವರು. ಆ ಒಂದೇ ಮಾತನ್ನು ತಂಗಿ ಗಟ್ಟಿಯಾಗಿ ಹಿಡಿದುಕೊಂಡಳು. ಹಿರಿಯನಾಗಿ ನಾನೇ ಹೋಗಿ 'ಬೇಡ' ಅಂದೆ. ಎರಡು ದಿನದಲ್ಲಿ ಹೃದಯವೂ ನಿಂತಿತು.

ಆ ನರ್ಸಿನ ಮೇಲೆ ನನಗೆ ಬಹಳ ದಿನ ಸಿಟ್ಟಿತ್ತು. ಕಳೆದ ವರ್ಷ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಶಾಲೆಗೆ ಬಂದಿದ್ದಳು. ಈಗ ಐಸಿಯುನಲ್ಲಿ ನರ್ಸ್. ಅವಳ ಹತ್ತಿರ ಎಲ್ಲ ಹೇಳಿದೆ.

"ಕೋಮಾ ಬೇರೆ ಮಾಷ್ಟ್ರೆ, ಅದರಲ್ಲಿ ಮೆದುಳಿಗೆ ಜೀವ ಇರುತ್ತದೆ. ಇದು ಸಾವೇ. ಹೃದಯಕ್ಕೆ ತನ್ನದೇ ವಿದ್ಯುತ್ತಿದೆ. ವೆಂಟಿಲೇಟರ್ ಆಮ್ಲಜನಕ ಕೊಡುತ್ತಿರುವಷ್ಟು ದಿನ ಸ್ವಲ್ಪ ಕಾಲ ಬಡಿಯುತ್ತದೆ, ಅಷ್ಟೆ. ನಾಲ್ವರು ಡಾಕ್ಟರು, ಕನಿಷ್ಠ ಆರು ಗಂಟೆ ಬಿಟ್ಟು ಎರಡು ಸಲ ಪರೀಕ್ಷಿಸಬೇಕು. ಅಂಗ ಕಸಿ ಮಾಡುವ ತಂಡದವರು ಅದರಲ್ಲಿ ಇರುವಂತಿಲ್ಲ. 1994ರ ಕಾನೂನೇ ಇದೆ. ಆದರೆ ಬೆಚ್ಚಗಿರುವ ಮೈ ಒರೆಸುವಾಗ, ಇದು ಹೆಣ ಅಂತ ನಮ್ಮ ಕೈಗೇ ಅನಿಸುವುದಿಲ್ಲ."

"ನೀನು ದಾನಕ್ಕೆ ಹೆಸರು ಕೊಟ್ಟಿದ್ದೀಯಾ?"

ತಲೆ ತಗ್ಗಿಸಿದಳು. "ಇಲ್ಲ. ಅಮ್ಮನ ಹತ್ತಿರ ಹೇಳಲು ಧೈರ್ಯ ಬರಲಿಲ್ಲ."

ನನ್ನ ಸಿಟ್ಟು ಅಲ್ಲಿಗೆ ಇಳಿಯಿತು. ಓದಿ ತಿಳಿದವಳಿಗೇ ಹೀಗಾದರೆ ಉಳಿದವರ ಪಾಡೇನು? ಕೇರಳದಲ್ಲಿ 2016ರಲ್ಲಿ 72 ಜನರ ಮರಣಾನಂತರ ಅಂಗದಾನ ನಡೆದಿತ್ತು. 2018ಕ್ಕೆ ಅದು 8ಕ್ಕೆ ಇಳಿಯಿತು. ಮೆದುಳಿನ ಸಾವಿನ ಬಗ್ಗೆ ಜನರಲ್ಲಿ ಹಬ್ಬಿದ ಸಂಶಯವೂ ಅದಕ್ಕೊಂದು ಕಾರಣ. ಆ ಸಂಶಯಕ್ಕೆ ಉತ್ತರ ಕೊಡಬೇಕಾದವರು ಹಾಸಿಗೆಯ ಪಕ್ಕ ನಿಂತಿರುವವರೇ. ಡಾಕ್ಟರು ಹತ್ತು ನಿಮಿಷ ಮಾತಾಡಿ ಹೋಗುತ್ತಾರೆ, ನರ್ಸು ರಾತ್ರಿಯಿಡೀ ಇರುತ್ತಾರೆ.

ಮರುದಿನ ಆ ಹುಡುಗಿಗೆ ಉತ್ತರ ಕೊಟ್ಟೆ. ಹೌದು ಮಗೂ, ಸ್ವಲ್ಪ ಹೊತ್ತು ಬಡಿಯುತ್ತದೆ. ಆದರೆ ಆ ಮನುಷ್ಯ ಹೋಗಿಯಾಗಿದೆ. ಇದನ್ನು ಮನೆಯಲ್ಲೂ ಹೇಳು.

ನಾನೂ ಮನೆಯಲ್ಲಿ ಹೇಳಿದ್ದೇನೆ, ನನ್ನದನ್ನು ಕೊಟ್ಟುಬಿಡಿ ಅಂತ. ಕಾರ್ಡಿಗೆ ಸಹಿ ಹಾಕಿದರೂ ಕೊನೆಗೆ ಒಪ್ಪಬೇಕಾದವರು ಮನೆಯವರೇ ತಾನೆ? ತಂಗಿ ಏನೂ ಮಾತಾಡಲಿಲ್ಲ. ಎದ್ದು ಒಳಗೆ ಹೋಗಿ ಚಾ ಮಾಡಿ ತಂದಳು.