ಬುಡ ನೋಡುವ ಚಪಲ

ಹಳೆಯ ಪಾತ್ರೆಯೊಂದನ್ನು ಕಂಡೊಡನೆ ಅದರೊಳಗೆ ಏನಿದೆಯೆಂದು ಇಣಿಕುವವರು ಗೃಹಸ್ಥರು. ಅದನ್ನು ಬೋರಲು ಹಾಕಿ ಬುಡವನ್ನು ಪರೀಕ್ಷಿಸುವವರು ಸಂಗ್ರಾಹಕರು. ನಾನು ಎರಡನೆಯ ಪಂಗಡದವನೆಂಬುದು ನಿಪ್ಪಾಣಿಯ ಬಂಧುವರ್ಗಕ್ಕೆಲ್ಲ ತಿಳಿದುಹೋಗಿರುವುದರಿಂದ, ನಾನು ಹೊಸ್ತಿಲು ದಾಟುವ ಮೊದಲೇ ನಮ್ಮ ವೈನಿಯವರು ಬರಣಿಗಳನ್ನೆಲ್ಲ ಒಳಕೋಣೆಗೆ ಸಾಗಿಸಿಬಿಡುತ್ತಾರೆ. “ಉಪ್ಪಿನಕಾಯಿ ಎಷ್ಟ ಬೇಕಾದ್ರೂ ಹಾಕ್ಕೊಂಡು ಉಣ್ರಿ, ಬರಣಿ ಮಾತ್ರ ಬೋರಲ ಹಾಕಬ್ಯಾಡ್ರಿ” ಎಂಬುದು ಅವರ ಸ್ವಾಗತವಚನ.

ಆದರೆ ಈ ಚಪಲಕ್ಕೂ ಘನವಾದ ಪರಂಪರೆಯೊಂದುಂಟು. 1876ರ ಫಿಲಡೆಲ್ಫಿಯಾ ಮಹಾಪ್ರದರ್ಶನದಲ್ಲಿ ಜಪಾನಿನ ಮೃತ್ಪಾತ್ರೆಗಳನ್ನು ಕಂಡು ಮನಸೋತ ಮರಿಯಾ ಲಾಂಗ್‌ವರ್ತ್ ನಿಕಲ್ಸ್ ಎಂಬವರು, 1880ರಲ್ಲಿ ಸಿನ್ಸಿನಾಟಿಯ ಹಳೆಯ ಶಾಲಾಗೃಹವೊಂದರಲ್ಲಿ ರೂಕ್‌ವುಡ್ ಎಂಬ ಕುಂಭಶಾಲೆಯನ್ನು ಸ್ಥಾಪಿಸಿದರು. ಅಲ್ಲಿಯ ಪಾತ್ರೆಗಳ ಬುಡದಲ್ಲಿ 1886ರಿಂದ ಎರಡಕ್ಷರಗಳ ಮುದ್ರೆಯೊಂದು ಕಾಣಿಸಿಕೊಂಡಿತು; ಮರುವರ್ಷದಿಂದ ಆ ಮುದ್ರೆಯ ಸುತ್ತ ವರ್ಷಕ್ಕೊಂದರಂತೆ ಅಗ್ನಿಜ್ವಾಲೆಗಳು ಕೂಡುತ್ತ ಬಂದು, 1900ರ ಹೊತ್ತಿಗೆ ಹದಿನಾಲ್ಕಾದವು. ಪಕ್ಕದಲ್ಲಿ ಚಿತ್ರಕಾರನ ಅಂಕಿತ. ಜ್ವಾಲೆಗಳನ್ನೆಣಿಸಿ ವರ್ಷವನ್ನೂ, ಅಂಕಿತವನ್ನೋದಿ ಕೈಯನ್ನೂ ಗುರುತಿಸಬಲ್ಲ ಸಂಗ್ರಾಹಕನಿಗೆ ಅದು ಕೇವಲ ಹೂದಾನಿಯಲ್ಲ, ಜಾತಕ ಸಮೇತ ಜನಿಸಿದ ಶಿಶು. ಬಿಲಾಕ್ಸಿ ಎಂಬ ಊರಿನ ಜಾರ್ಜ್ ಓರ್‌ನ ಕಥೆ ಇನ್ನೂ ವಿಚಿತ್ರ: ಜನ ಹುಚ್ಚನೆಂದು ನಕ್ಕ ಆ ಕುಂಬಾರ 1918ರಲ್ಲಿ ತೀರಿಕೊಂಡ ಮೇಲೆ, ಅವನ ಸಾವಿರಾರು ಪಾತ್ರೆಗಳು ಅರ್ಧ ಶತಮಾನ ಮಕ್ಕಳ ಬಳಿಯೇ ಧೂಳು ತಿಂದು, ಹಳೆಯ ಸಾಮಾನಿನ ವರ್ತಕನೊಬ್ಬನ ಕಣ್ಣಿಗೆ ಬಿದ್ದುದರಿಂದ ವಸ್ತುಸಂಗ್ರಹಾಲಯಗಳನ್ನು ಸೇರಿದವು.

ಮಣ್ಣಿನ ಭಾಗ್ಯದಲ್ಲಿ ನಮ್ಮ ಜಿಲ್ಲೆಯೇನೂ ಕಡಿಮೆಯದಲ್ಲ. ಖಾನಾಪುರದ ಜೇಡಿಯ ಗುಣಕ್ಕೆ ಮೆಚ್ಚಿ, ಬೆಳಗಾವಿ ಇನ್ನೂ ಮುಂಬಯಿ ರಾಜ್ಯದಲ್ಲಿದ್ದ 1954ರಲ್ಲಿಯೇ, ಗ್ರಾಮೋದ್ಯೋಗದವರು ದೇಶದ ಕುಂಬಾರರಿಗೆ ಶಿಕ್ಷಣ ಕೊಡುವ ಕೇಂದ್ರೀಯ ಸಂಸ್ಥೆಯನ್ನು ಅಲ್ಲಿ ತೆರೆದರು. ನಮ್ಮ ಅಜ್ಜ ಖಾನಾಪುರದಿಂದ ತಂದ ಕಂದು ಮೆರುಗಿನ ಬರಣಿಯೊಂದು ನನ್ನ ಮೇಜಿನ ಮೇಲಿದೆ. ಮೆರುಗು ಬುಡಕ್ಕೆ ಎರಡು ಬೆರಳು ಮೇಲೆಯೇ ನಿಂತು, ಕೆಳಗೆ ಒರಟಾದ ಮಣ್ಣು ಬರಿದಾಗಿ ತೋರುತ್ತದೆ. ಮೆರುಗಿನ ಅಂಚಿನಲ್ಲಿ ಮೂರು ಬೋಳು ಕಲೆಗಳು, ದ್ರವದಲ್ಲಿ ಅದ್ದುವಾಗ ಬರಣಿಯನ್ನು ಹಿಡಿದ ಬೆರಳುಗಳವು. ಆ ಬೆರಳುಗಳು ಯಾರವೆಂಬುದನ್ನು ಹೇಳುವ ಅಂಕಿತ ಮಾತ್ರ ಎಲ್ಲಿಯೂ ಇಲ್ಲ.

ನಮ್ಮ ಕುಂಬಾರನಿಗೆ ಅಂಕಿತದ ಅಗತ್ಯವೇ ಬೀಳಲಿಲ್ಲ. ತಿಗರಿ ತಿರುಗಿಸುವವನೂ ಬರಣಿ ಕೊಳ್ಳುವವಳೂ ಒಂದೇ ಸಂತೆಯವರು. ಯಾರ ಆವಿಗೆಯ ಪಾತ್ರೆ ಸೋರುವುದಿಲ್ಲವೆಂಬುದು ಓಣಿಗೆಲ್ಲ ಬಾಯಿಪಾಠವಾಗಿತ್ತು. ಆ ಬಾಯಿಗಳು ಒಂದೊಂದಾಗಿ ಮುಚ್ಚಿದಂತೆ ಹೆಸರುಗಳೂ ಅಳಿದವು. ಅಮೆರಿಕದ ಹೂದಾನಿಗೆ ಹರಾಜುಕಟ್ಟೆಯಲ್ಲಿ ಬರುವ ಬೆಲೆಯ ಬಹುಪಾಲು ಅದರ ಬುಡದ ಬರಹದ್ದೇ ಹೊರತು, ಅಲ್ಲಿಯ ಮಣ್ಣು ನಮ್ಮದಕ್ಕಿಂತ ಮೇಲೆಂಬುದರದಲ್ಲ.

ಆದುದರಿಂದ ವಾಚಕ ಮಹಾಶಯರಲ್ಲಿ ನನ್ನದೊಂದು ವಿಜ್ಞಾಪನೆ: ಅಟ್ಟದ ಮೇಲಿನ ಬರಣಿಯನ್ನು ಹಳೆಯ ಸಾಮಾನಿನವನಿಗೆ ಹಾಕುವ ಮುನ್ನ, ಮನೆಯ ಹಿರಿಯರನ್ನು ಕೇಳಿ, ಅದು ಯಾವ ಊರಿನದು, ಯಾರ ಕೈಯದು, ಯಾವ ವರ್ಷ ಬಂದದ್ದೆಂಬುದನ್ನು ಒಂದು ಚೀಟಿಯಲ್ಲಿ ಬರೆದು ಬುಡಕ್ಕೆ ಅಂಟಿಸಿರಿ.