ವಾಡಿಯಿಂದ ಸೇಡಂಗೆ, ಬೇರಿನಿಂದ ಬೀಜಕ್ಕೆ

ಗಿಡ ನೋಡಬೇಕೆಂದರೆ ಘಟ್ಟಕ್ಕೇ ಹೋಗಬೇಕು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಓದಿದವರಿಗಂತೂ ಮಳೆಕಾಡು, ಜಿಗಣೆ, ವಿದ್ಯಾರ್ಥಿಗಳ ದಂಡು ಇಲ್ಲದೆ ಸಸ್ಯಶಾಸ್ತ್ರವೇ ಇಲ್ಲ ಅನ್ನಿಸುತ್ತದೆ. ನಾನು ಹೊರಟದ್ದು ಅದರ ಉಲ್ಟಾ ದಿಕ್ಕಿಗೆ: ಕಲಬುರಗಿ ಜಿಲ್ಲೆಯ ಬಿಸಿಲು, ಕಲ್ಲುಗಣಿ, ಸಿಮೆಂಟ್ ಕಾರ್ಖಾನೆ, ತೊಗರಿ ಹೊಲಗಳ ಕಡೆಗೆ. ಜೊತೆಗೆ ತೋಟಗಾರಿಕೆ ಪದವಿಗೆ ಹೊಸದಾಗಿ ಸೇರಿದ ಅಕ್ಕನ ಮಗಳು. ಅವಳ ಚೀಲದಲ್ಲಿ ಒಂದು ಬ್ಲೇಡು, ಒಂದು ಸೂಜಿ, ಒಂದು ಭೂತಗನ್ನಡಿ. ಕಾಲೇಜಿನಲ್ಲಿ ದಾಸವಾಳವನ್ನು ಸೀಳಿ ಸೀಳಿ ಅವಳಿಗೆ ಸಾಕಾಗಿತ್ತು. ದೀಪಾವಳಿ ಕಳೆದಿತ್ತು. ಹೊಲಗಳಲ್ಲಿ ತೊಗರಿ ಹಳದಿಯಾಗುವ ಕಾಲ.

ಶಹಾಬಾದಿನಲ್ಲಿ ನೆಲವನ್ನೇ ಕತ್ತರಿಸಿ ತೋರಿಸಿದ ಹಾಗಿರುತ್ತದೆ. ಮೇಲೆ ಕರಿ ಎರೆ, ಅದರಡಿ ಪದರ ಪದರವಾಗಿ ಪರಸಿ ಕಲ್ಲು. ನಾಡಿನ ಎಷ್ಟು ಪಡಸಾಲೆಗಳಿಗೆ ಈ ಕಲ್ಲು ಹಾಸಿದೆಯೋ ಲೆಕ್ಕವಿಲ್ಲ. ನೆಲದ ಮೇಲೆ ಗಿಡ ಎಂಬುದೊಂದು ಹುಟ್ಟುವ ಮೊದಲೇ ಹಳೆಯ ಕಡಲಿನ ತಳದಲ್ಲಿ ಕೂತ ಸುಣ್ಣಗಲ್ಲು ಇದು. ಹಾಗಾಗಿ ಇದರಲ್ಲಿ ಎಲೆಯ ಅಚ್ಚು ಹುಡುಕುವುದು ದಂಡ. ಆದರೆ ಪಾಳುಬಿದ್ದ ಒಂದು ಗಣಿಯ ಅಂಚಿನಲ್ಲಿ ಬೇವಿನ ಮರವೊಂದಿತ್ತು. ಅದರ ಬೇರು ಎರೆ ಮಣ್ಣನ್ನು ದಾಟಿ, ಎರಡು ಪದರಗಳ ಸಂದಿನಲ್ಲಿ ಅಡ್ಡಡ್ಡ ಹರಿದು, ಮುಂದೊಂದು ಬಿರುಕು ಸಿಕ್ಕಲ್ಲಿ ಮತ್ತೆ ನೇರ ಕೆಳಗಿಳಿದಿತ್ತು. ಕಲ್ಲು ತೆಗೆಯುವ ಹಿರಿಯರೊಬ್ಬರು ಅಂದರು: “ಬೇರು ಹಾದಿ ಹಿಡಿದಲ್ಲೇ ನಾವೂ ಹಾರಿ ಇಡ್ತೀವ್ರಿ. ಬಿರುಕು ಎಲ್ಲದ ಅಂತ ನಮಗಿಂತ ಮೊದಲು ಅದಕ್ಕ ಗೊತ್ತಿರ್ತದ.”

ಕಣ್ಣಿಲ್ಲದ ಬೇರಿಗೆ ಇದು ಗೊತ್ತಾಗುವುದು ಹೇಗೆ? ಬೇರಿನ ತುದಿಗೆ ಒಂದು ಟೊಪ್ಪಿಗೆಯಿದೆ. ಅದರ ಜೀವಕೋಶಗಳು ಮಣ್ಣಿಗೆ ಉಜ್ಜಿ ಸವೆಯುತ್ತಲೇ ಇರುತ್ತವೆ, ಹಿಂದಿನಿಂದ ಹೊಸವು ಬರುತ್ತಲೇ ಇರುತ್ತವೆ. ಅವುಗಳಲ್ಲಿ ಕೆಲವಕ್ಕೆ ಭಾರವಾದ ಪಿಷ್ಟದ ಕಣಗಳಿದ್ದು, ಅವು ಕೋಶದ ಯಾವ ಬದಿಗೆ ಕುಸಿದು ಕೂತಿವೆ ಎಂಬುದರಿಂದ ಬೇರಿಗೆ ಕೆಳಗು ಯಾವುದೆಂದು ತಿಳಿಯುತ್ತದೆ. ಟೊಪ್ಪಿಗೆಯ ಹಿಂದೆಯೇ ಕೋಶಗಳು ಒಡೆದು ಎರಡಾಗುವ ಜಾಗ, ಅದರ ಹಿಂದೆ ಅವು ಉದ್ದಕ್ಕೆ ಹಿಗ್ಗುವ ಜಾಗ. ಬೇರನ್ನು ಮುಂದಕ್ಕೆ ದೂಡುವ ಬಲವೆಲ್ಲ ಹುಟ್ಟುವುದು ಈ ಕೆಲವೇ ಮಿಲಿಮೀಟರುಗಳಲ್ಲಿ. ನೀರು ಹೀರುವ ಬೇರುರೋಮಗಳು ಬರುವುದು ಇನ್ನೂ ಹಿಂದೆ, ಬೇರು ಚಲಿಸುವುದನ್ನು ನಿಲ್ಲಿಸಿದ ಭಾಗದಲ್ಲಿ. ಮುಂದೆ ಸಾಗುವ ತುದಿಯಲ್ಲಿ ರೋಮಗಳಿದ್ದಿದ್ದರೆ ಮಣ್ಣಿಗೆ ಉಜ್ಜಿ ಹರಿದೇ ಹೋಗುತ್ತಿದ್ದವು. ಸಸಿ ಕೀಳುವಾಗ ಮಣ್ಣಿನ ಹೆಂಟೆ ಸಮೇತ ಕೀಳಬೇಕು ಎಂದು ನರ್ಸರಿಯಲ್ಲಿ ಬೈದು ಕಲಿಸುತ್ತಾರಲ್ಲ, ಅದು ಈ ಕಣ್ಣಿಗೆ ಕಾಣದ ರೋಮಗಳ ಸಲುವಾಗಿ.

ವಾಡಿ ಜಂಕ್ಷನ್ ಬಗ್ಗೆ ಒಳ್ಳೆಯ ಮಾತಾಡಿದವರನ್ನು ನಾನು ಕಂಡಿಲ್ಲ. ಅಲ್ಲಿ ಎಲ್ಲರೂ ಕಾಯುತ್ತಿರುತ್ತಾರೆ ಅಷ್ಟೆ. 1874ರಲ್ಲಿ ನಿಜಾಮರ ಕಾಲದ ರೈಲ್ವೆ ಇಲ್ಲಿಂದ ಸಿಕಂದರಾಬಾದಿಗೆ ಹಳಿ ಹಾಕಿತು. ಚಿತ್ತಾಪುರ, ಮಳಖೇಡ, ಸೇಡಂ ಎಲ್ಲ ಆ ದಾರಿಯಲ್ಲೇ ಇವೆ. ನಮ್ಮ ಗಾಡಿ ತಡವಾಗಿದ್ದೇ ಒಳ್ಳೆಯದಾಯಿತು. ಪ್ಲಾಟ್‌ಫಾರಂ ಮುಗಿಯುವಲ್ಲಿ, ಜಲ್ಲಿಕಲ್ಲಿನ ನಡುವೆ ಎಕ್ಕಿ ಗಿಡಗಳು ಎದೆಮಟ್ಟ ಬೆಳೆದಿದ್ದವು. ಎಲೆಯ ಮೇಲೆ ಬೂದು ದೂಳು, ಕೆಳಗೆ ಬಿಳಿ ಹಿಟ್ಟಿನಂಥ ನವಿರು. ಹೂವಿನ ನಡುವೆ ಐದು ಮೂಲೆಯ ಗಟ್ಟಿ ಗೋಪುರ. ಪ್ರತಿ ಮೂಲೆಯಲ್ಲೂ ಒಂದು ಸೀಳು, ಸೀಳಿನ ತಲೆಯಲ್ಲಿ ಸಾಸಿವೆಗಿಂತ ಸಣ್ಣದೊಂದು ಕಪ್ಪು ಚುಕ್ಕೆ.

ಹುಡುಗಿ ಸೂಜಿಯ ಮೊನೆಯನ್ನು ಸೀಳಿನೊಳಗಿಟ್ಟು ಮೆಲ್ಲಗೆ ಮೇಲಕ್ಕೆಳೆದಳು. ಕಪ್ಪು ಚುಕ್ಕೆ ಸೂಜಿಯನ್ನು ಕಚ್ಚಿಕೊಂಡೇ ಬಂತು. ಅದರ ಎರಡು ಕಡೆ ಎತ್ತಿನ ಮೇಲಿನ ಹೇರಿನ ಹಾಗೆ ಎರಡು ಹಳದಿ ಚೀಲ ಜೋತಿದ್ದವು. ಎಕ್ಕಿಯ ಪರಾಗ ಪುಡಿಯಾಗಿ ಉದುರುವುದಿಲ್ಲ. ಹೂವಿನ ಪರಾಗವೆಲ್ಲ ಇಂಥ ಮೇಣದ ಚೀಲಗಳಲ್ಲಿ ಭದ್ರ. ಮಕರಂದಕ್ಕೆ ಬಂದ ದೊಡ್ಡ ಕರಿ ದುಂಬಿಯ ಕಾಲು ಆ ಸೀಳಿಗೆ ಸಿಕ್ಕಿದಾಗ ಕಪ್ಪು ಚುಕ್ಕೆ ಚಿಮಟದ ಹಾಗೆ ಕಚ್ಚುತ್ತದೆ. ದುಂಬಿ ಜಗ್ಗಿ ಕಾಲು ಬಿಡಿಸಿಕೊಂಡು ಇನ್ನೊಂದು ಹೂವಿಗೆ ಹೋದರೆ ಅಲ್ಲಿನ ಸೀಳಿನಲ್ಲಿ ಚೀಲ ಸಿಕ್ಕಿಬಿದ್ದು ಉಳಿಯುತ್ತದೆ. ಸಣ್ಣ ಹುಳಕ್ಕೆ ಜಗ್ಗುವ ಬಲವಿಲ್ಲದಿದ್ದರೆ ಅಲ್ಲೇ ಸಾಯುವುದೂ ಉಂಟು. ನಡೆಯಲು ಬಾರದ ಗಿಡ ಮತ್ತೊಬ್ಬರ ಕಾಲನ್ನು ಹೀಗೆ ಹಿಡಿದು ಕೆಲಸ ಮಾಡಿಸಿಕೊಳ್ಳುವುದನ್ನು ನೋಡುತ್ತ ನಿಂತವರಿಗೆ ಗಾಡಿಯ ಕೂಗು ಕೇಳಿಸಿದ್ದೇ ತಡವಾಗಿ.

ಚಿತ್ತಾಪುರದಲ್ಲಿ ಬಹಳ ಹೊತ್ತು ನಿಲ್ಲಲಿಲ್ಲ. ಪಕ್ಕದ ನಾಗಾವಿಯಲ್ಲಿ 11ನೇ ಶತಮಾನದಲ್ಲಿ ಘಟಿಕಾಸ್ಥಾನ ಎಂಬ ವಿದ್ಯಾಕೇಂದ್ರ ನಡೆದಿತ್ತು, ಕಂಬಗಳ ಗುಡಿ ಈಗಲೂ ಇದೆ. ಅದನ್ನು ನೋಡಿ ಬರುವ ದಾರಿಯಲ್ಲಿ ಹತ್ತಿ ಹೊಲ. ಒಂದೇ ಗಿಡದಲ್ಲಿ ಬೆಳ್ಳನೆಯ ಹೂವೂ ಗುಲಾಬಿ ಹೂವೂ ಇದ್ದವು. ಬಿಳಿಯದು ಇಂದು ಅರಳಿದ್ದು, ಗುಲಾಬಿಯದು ನಿನ್ನೆಯದು. ಒಡೆದ ಕಾಯಿಯಿಂದ ಒಂದು ಎಳೆ ಬಿಡಿಸಿ ಅಂಗೈ ಮೇಲಿಟ್ಟುಕೊಂಡೆವು. ಈ ಎಳೆ, ಇಷ್ಟುದ್ದಕ್ಕೂ, ಒಂದೇ ಒಂದು ಜೀವಕೋಶ. ಹೂವರಳಿದ ದಿನ ಬೀಜದ ಸಿಪ್ಪೆಯ ಮೇಲಿನ ಕೋಶ ಉಬ್ಬಲು ಶುರುಮಾಡಿ, ಒಡೆಯದೆ, ಎರಡಾಗದೆ, ಎರಡು ಮೂರು ಸೆಂಟಿಮೀಟರ್‌ವರೆಗೂ ಬೆಳೆಯುತ್ತದೆ. ಸೂಕ್ಷ್ಮದರ್ಶಕವಿಲ್ಲದೆ ಜೀವಕೋಶ ಕಾಣದು ಎಂದು ಶಾಲೆಯಲ್ಲಿ ಬರೆಸಿದವರೆಲ್ಲ ಜೀವಕೋಶಗಳನ್ನೇ ನೇಯ್ದ ಅಂಗಿ ತೊಟ್ಟಿದ್ದರು.

ಮಳಖೇಡ ಅಂದರೆ ರಾಷ್ಟ್ರಕೂಟರ ಮಾನ್ಯಖೇಟ. ಕಾಗಿಣಾ ನದಿ, ಕೋಟೆ, ಆಮೇಲೆ ಮತ್ತೆ ತೊಗರಿ. ಸೇಡಂ ಬರುವವರೆಗೂ ತೊಗರಿ.

ಸೇಡಂ ಹತ್ತಿರದ ಒಂದು ಹೊಲದಲ್ಲಿ ಅರ್ಧ ದಿನ ಕಳೆದೆವು. ಒಡೆಯರು ವಯಸ್ಸಾದವರು. ಹುಡುಗಿ ಅವರನ್ನು ‘ಅಜ್ಜಾರ’ ಅಂದಳು, ಅವರು ಅವಳನ್ನು ‘ಯವ್ವಾ’ ಅಂದರು. ಕಾಲೇಜಿನ ಪಾಠ ಅಲ್ಲಿಂದ ಅಜ್ಜನ ಕೈಗೆ ಹೋಯಿತು. ಗಿಡಗಳು ನನ್ನ ಭುಜದೆತ್ತರ, ಬುಡದಿಂದಲೇ ಕವಲೊಡೆದು ಹರಡಿದ್ದವು. “ಶ್ರಾವಣದಾಗ ಕುಡಿ ಚಿವುಟೀವಿ. ಒಂದು ಕುಡಿ ಚಿವುಟಿದ್ರ ನಾಕ ಟೊಂಗಿ ಹೊಡಿತದ ನೋಡು.” ಬಿತ್ತಿ ಸುಮಾರು 50 ದಿನಕ್ಕೆ ಈ ಕೆಲಸ. ಈಗ ಬ್ಯಾಟರಿ ಯಂತ್ರದಿಂದಲೂ ಮಾಡುತ್ತಾರೆ. ಕುಡಿಯಲ್ಲಿ ಹುಟ್ಟುವ ಆಕ್ಸಿನ್ ಎಂಬ ಚೋದಕ ಕೆಳಗಿಳಿಯುತ್ತ ಎಲೆಸಂದಿನ ಮೊಗ್ಗುಗಳನ್ನು ಅದುಮಿಟ್ಟಿರುತ್ತದೆ. ಕುಡಿ ಹೋದರೆ ಆ ಯಜಮಾನಿಕೆ ಮುಗಿಯಿತು, ಅಡಗಿ ಕೂತ ಮೊಗ್ಗುಗಳೆಲ್ಲ ಏಳುತ್ತವೆ. ಟೊಂಗೆ ಹೆಚ್ಚಾದರೆ ಹೂವೂ ಹೆಚ್ಚು.

“ಜೋಳಕ್ಕೂ ಹಿಂಗ ಮಾಡಬಹುದೇನ್ರಿ ಅಜ್ಜಾರ?” ಹುಡುಗಿ ಕೇಳಿದಳು.

ಅಜ್ಜ ನಕ್ಕರು. “ಜೋಳದ ಕುಡಿ ಎಲ್ಲದ, ಮೊದಲು ಅದನ್ನ ಹುಡುಕು.”

ಪಕ್ಕದ ಪಟ್ಟಿಯಲ್ಲಿ ಹಿಂಗಾರಿ ಬಿಳಿಜೋಳ ಮೊಣಕಾಲೆತ್ತರ ಬಂದಿತ್ತು. ಒಂದು ಸಸಿಯನ್ನು ಅವರೇ ಕಿತ್ತುಕೊಟ್ಟರು. ಉದ್ದಕ್ಕೆ ಸೀಳಿದರೆ ಎಲೆಯೊಳಗೆ ಎಲೆ, ಅದರೊಳಗೆ ಮತ್ತೊಂದು. ಎಲ್ಲ ಬಿಚ್ಚಿದ ಮೇಲೆ ಬುಡದ ಹತ್ತಿರ, ಭೂತಗನ್ನಡಿಯಲ್ಲಿ ಮಾತ್ರ ಕಾಣುವ ಬಿಳಿ ಗುಬುಟು. ಜೋಳದ ಬೆಳೆಯುವ ತುದಿ ಎಳೆತನದಲ್ಲಿ ಇರುವುದು ಅಲ್ಲಿ. ದನ ಮೇಲೆ ಮೇಲೆ ಮೇಯ್ದರೂ ಹುಲ್ಲಿನ ಜಾತಿ ಮತ್ತೆ ಚಿಗುರುವುದು ಇದರಿಂದ. ಏಕದಳ, ದ್ವಿದಳದ ವ್ಯತ್ಯಾಸವನ್ನು ಕಂತೆ ಬೇರು, ತಾಯಿಬೇರು ಎಂದು ಪಟ್ಟಿ ಮಾಡಿ ಕಲಿಯುವುದಕ್ಕಿಂತ ಆ ಒಂದು ಪ್ರಶ್ನೆಯೇ ಮೇಲು.

ಹೊಲದ ಮೂಲೆಯಲ್ಲಿ ಕೆಲವು ಗಿಡ ನಿಂತಲ್ಲೇ ಒಣಗಿದ್ದವು. ನೆಟೆ ರೋಗ. “ನೆಲದಾಗ ಹಸಿ ಅದ, ಗಿಡ ಮಾತ್ರ ಒಣಗ್ತದ” ಎಂದು ಅಜ್ಜ ಕುಡುಗೋಲಿನಿಂದ ಕಾಂಡದ ಸಿಪ್ಪೆ ಹೆರೆದು ತೋರಿಸಿದರು. ಒಳಗೆ ಕಂದು, ಕಪ್ಪು ಗೀರುಗಳು ಬುಡದಿಂದ ಮೇಲಕ್ಕೆ ಹೋಗಿದ್ದವು. ಆ ಗೀರುಗಳಿರುವುದು ಕ್ಸೈಲಂನಲ್ಲಿ, ನೀರು ಏರುವ ಕೊಳವೆಗಳಲ್ಲಿ. ಈ ಕೊಳವೆಗಳು ಸತ್ತ ಕೋಶಗಳ ಬರಿದಾದ ಗೂಡುಗಳು. ಎಲೆಯ ಪತ್ರರಂಧ್ರಗಳಿಂದ ನೀರು ಆವಿಯಾದಂತೆಲ್ಲ ಕೆಳಗಿನ ನೀರು ಎಳೆದುಕೊಂಡು ಮೇಲೆ ಬರುತ್ತದೆ. ಫ್ಯುಸೇರಿಯಂ ಉಡಂ ಎಂಬ ಶಿಲೀಂಧ್ರ ಬೇರಿನಿಂದ ಒಳಹೊಕ್ಕು ಈ ದಾರಿಯನ್ನೇ ಕಟ್ಟಿಬಿಡುತ್ತದೆ. ಹಸಿ ನೆಲದಲ್ಲಿ ನಿಂತ ಗಿಡ ನೀರಡಿಸಿ ಸಾಯುತ್ತದೆ. 1986ರಲ್ಲಿ ಬಂದ ‘ಮಾರುತಿ’ ತಳಿ ಈ ಸೀಮೆಯ ರೈತರಿಗೆ ಅಷ್ಟು ಬೇಕಾದದ್ದು ನೆಟೆ ತಡೆಯುವ ಗುಣದಿಂದಲೇ.

ಇನ್ನೂ ವಿಚಿತ್ರವಾದದ್ದು ಗೊಡ್ಡು ರೋಗ. ಗಿಡ ಸಾಯುವುದಿಲ್ಲ, ತಿಳಿ ಹಸಿರಾಗಿ ಪೊದೆಯಂತೆ ಬೆಳೆಯುತ್ತಲೇ ಇರುತ್ತದೆ. ಹೂವು ಮಾತ್ರ ಇಲ್ಲ. ಬರಿಗಣ್ಣಿಗೆ ಕಾಣದ ನುಸಿಯೊಂದು ವೈರಸ್ ತಂದು ಹಚ್ಚುತ್ತದೆ. ಬೆಳವಣಿಗೆ ಬೇರೆ, ಸಂತಾನ ಬೇರೆ, ಒಂದರಿಂದ ಇನ್ನೊಂದಕ್ಕೆ ಹೊರಳಲು ಗಿಡಕ್ಕೆ ಪ್ರತ್ಯೇಕ ಅಪ್ಪಣೆ ಬೇಕು ಎಂಬುದನ್ನು ಇಷ್ಟು ಕ್ರೂರವಾಗಿ ತೋರಿಸುವ ರೋಗ ಮತ್ತೊಂದನ್ನು ನಾನು ನೋಡಿಲ್ಲ. ಆರೋಗ್ಯವಂತ ತೊಗರಿಗೆ ಆ ಅಪ್ಪಣೆ ಕೊಡುವುದು ರಾತ್ರಿ. ಮಳೆಗಾಲ ಕಳೆದು ಇರುಳು ಉದ್ದವಾಗುವುದನ್ನು ಎಲೆಯಲ್ಲಿರುವ ಫೈಟೋಕ್ರೋಮ್ ಎಂಬ ವರ್ಣದ್ರವ್ಯ ಅಳೆದುಕೊಳ್ಳುತ್ತದೆ, ಆಮೇಲೆ ಹೂವು.

ಹೂವಿಗೆ ಬಂದೆವು. ಮೇಲೆತ್ತಿ ನಿಂತ ದೊಡ್ಡ ದಳ ಧ್ವಜ, ಅದರ ಬೆನ್ನಿಗೆ ಕೆಂಪು ಗೆರೆ. ಎರಡು ರೆಕ್ಕೆದಳ. ಒಳಗೆ ಎರಡು ದಳ ಕೂಡಿ ಆದ ದೋಣಿ. ದೋಣಿ ಬಿಚ್ಚಿದರೆ ಹತ್ತು ಕೇಸರ, ಒಂಬತ್ತು ಕೂಡಿ ಒಂದು ಕೊಳವೆ, ಒಂದು ಬಿಡಿ. ಹುಡುಗಿ ಅರಳದ ಮೊಗ್ಗೊಂದನ್ನು ಬ್ಲೇಡಿನಿಂದ ಸೀಳಿ ತುಸು ಹೊತ್ತು ಸುಮ್ಮನಾದಳು. “ಮಾಮಾ, ಇದು ಇನ್ನೂ ಅರಳೇ ಇಲ್ಲ. ಪರಾಗ ಆಗಲೇ ಶಲಾಕಾಗ್ರದ ಮೇಲೆ ಇದೆಯಲ್ಲ!” ಹೌದು. ತೊಗರಿಯ ಪರಾಗಕೋಶ ಹೂವರಳುವ ಹಿಂದಿನ ದಿನವೇ ಒಡೆಯುತ್ತದೆ, ಬಾಗಿಲು ತೆರೆಯುವ ಮೊದಲೇ ಮನೆಯೊಳಗೆ ಮದುವೆ ಮುಗಿದಿರುತ್ತದೆ. ಆದರೂ ಹೊಲದ ತುಂಬ ಜೇನಿನ ಸದ್ದು. ರೆಕ್ಕೆದಳದ ಮೇಲೆ ಹುಳ ಕೂತೊಡನೆ ದೋಣಿ ಕೆಳಗೆ ಬಾಗಿ ಕೇಸರಗಳು ಅದರ ಹೊಟ್ಟೆಗೆ ತಾಗುತ್ತವೆ. ಒಂದಷ್ಟು ಹೂವುಗಳಿಗೆ ಹೊರಗಿನ ಪರಾಗ ಬಂದೇ ಬರುತ್ತದೆ. ಮನೆ ಬೀಜವನ್ನು ವರ್ಷ ವರ್ಷ ಬಿತ್ತಿದರೆ ತಳಿ ಕಲಬೆರಕೆಯಾಗುತ್ತದೆ ಎಂದು ರೈತರು ಗೊಣಗುವುದಕ್ಕೆ ಈ ಜೇನೇ ಕಾರಣ.

ಬುಡದಲ್ಲಿ ಉದುರಿದ ಹೂವಿನ ಹಾಸು. ತೊಗರಿ ಬಿಟ್ಟ ನೂರು ಹೂವಿನಲ್ಲಿ ಎಂಬತ್ತಕ್ಕೂ ಹೆಚ್ಚು ಉದುರುತ್ತವೆ. ಅಜ್ಜನಿಗೆ ಅದರ ಚಿಂತೆಯಿಲ್ಲ: “ನಿಂತಷ್ಟೇ ನಮ್ದು.”

ಆ ಮಧ್ಯಾಹ್ನ ಸೇಡಂನ ಖಾನಾವಳಿಯಲ್ಲಿ ಜೋಳದ ರೊಟ್ಟಿ, ತೊಗರಿ ಬ್ಯಾಳಿ ಊಟ. ರಷ್ಯಾದ ಸಸ್ಯವಿಜ್ಞಾನಿ ನವಾಶಿನ್ 1898ರಲ್ಲಿ ತೋರಿಸಿಕೊಟ್ಟ ಸಂಗತಿಯೊಂದು ಆ ತಟ್ಟೆಯಲ್ಲಿತ್ತು. ಪರಾಗದ ನಾಳ ಅಂಡಕ್ಕೆ ಎರಡು ಗಂಡುಕೋಶ ಒಯ್ಯುತ್ತದೆ. ಒಂದು ಅಂಡಕೋಶವನ್ನು ಕೂಡಿ ಭ್ರೂಣವಾಗುತ್ತದೆ. ಇನ್ನೊಂದು ಅಲ್ಲೇ ನಡುವೆ ಇರುವ ಜೋಡಿ ಕೇಂದ್ರಗಳನ್ನು ಕೂಡಿ ಭ್ರೂಣದ ಬುತ್ತಿಯಾಗುತ್ತದೆ. ಜೋಳದಲ್ಲಿ ಆ ಬುತ್ತಿ ಕಾಳಿನೊಳಗೆ ಹಾಗೇ ಉಳಿಯುತ್ತದೆ, ನಾವು ಅದನ್ನು ಬೀಸಿ ರೊಟ್ಟಿ ಬಡಿಯುತ್ತೇವೆ. ತೊಗರಿಯ ಭ್ರೂಣ ಕಾಯಿಯೊಳಗಿರುವಾಗಲೇ ಬುತ್ತಿಯನ್ನು ತಿಂದು ತನ್ನ ಎರಡು ಬೀಜದಳಗಳಲ್ಲಿ ತುಂಬಿಕೊಳ್ಳುತ್ತದೆ. ಆ ಬೀಜದಳಗಳೇ ಬೇಳೆ. ಮಿಲ್ಲಿನಲ್ಲಿ ಒಡೆದಾಗ ಉದುರುವ ಸಣ್ಣ ಮೊಳಕೆ, ಸಿಪ್ಪೆ, ನುಚ್ಚಿನ ಜೊತೆ ದನದ ಪಾಲಾಗುತ್ತದೆ. ಬೇಳೆ ಮೊಳೆಯದು, ಇಡೀ ಕಾಳು ಮಾತ್ರ ಮೊಳೆಯುತ್ತದೆ. ‘ಕಲಬುರಗಿ ತೊಗರಿ ಬೇಳೆ’ಗೆ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು. ಬಳ್ಳಾರಿ ಬಳಿಯ ಸಂಗನಕಲ್ಲಿನಲ್ಲಿ ಸುಮಾರು 3,400 ವರ್ಷ ಹಳೆಯ ತೊಗರಿ ಸಿಕ್ಕಿದೆ. ಈ ಊಟ ಹೊಸದಲ್ಲ.

ಚಿಂಚೋಳಿ ಕಡೆ ಹೋದಂತೆ ಎರೆ ತೆಳ್ಳಗಾಗಿ ಕೆಂಪು ನೆಲ ಇಣುಕುತ್ತದೆ. ಕೆಂಪು ಮಣ್ಣಿನಲ್ಲಿ ರಂಜಕ ಕಬ್ಬಿಣಕ್ಕೆ ಅಂಟಿಕೊಂಡು ಹೆಚ್ಚಿನ ಬೆಳೆಗಳಿಗೆ ದಕ್ಕುವುದಿಲ್ಲ. ತೊಗರಿಯ ಬೇರು ಒಂದು ಆಮ್ಲ ಸುರಿಸಿ ಅದನ್ನು ಬಿಡಿಸಿಕೊಳ್ಳುತ್ತದೆ ಎಂದು ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1990ರಲ್ಲಿ ಪ್ರಕಟಿಸಿದರು. ಬೇರುಗಂಟಿನ ರೈಜೋಬಿಯಂ ಬ್ಯಾಕ್ಟೀರಿಯ ಗಾಳಿಯ ಸಾರಜನಕ ಹಿಡಿದುಕೊಡುವುದು ಎಲ್ಲರಿಗೂ ಗೊತ್ತು. ರಂಜಕ ಬಿಡಿಸುವ ಈ ಇನ್ನೊಂದು ಉಪಕಾರ ಹೆಚ್ಚು ಜನರಿಗೆ ಗೊತ್ತಿಲ್ಲ.

ಚಂದ್ರಂಪಳ್ಳಿ ಜಲಾಶಯದ ಸುತ್ತಲಿನ ಕಾಡು 2011ರಿಂದ ವನ್ಯಜೀವಿಧಾಮ. ಇಷ್ಟು ಬಿಸಿಲಿನ ಜಿಲ್ಲೆಯಲ್ಲಿ ಇಂಥ ಹಸಿರು ಎಲ್ಲಿಂದ ಬಂತೆಂದು ಬೆರಗಾಗುತ್ತದೆ. ಇಲ್ಲಿ ಶ್ರೀಗಂಧವೂ ಉಂಟು. ನೋಡಲು ಸಾದಾ ಮರ, ಎಲೆಯಲ್ಲಿ ತಾನೇ ಅಡುಗೆ ಮಾಡಿಕೊಳ್ಳುತ್ತದೆ. ನೆಲದೊಳಗೆ ಮಾತ್ರ ಪಕ್ಕದ ಗಿಡದ ಬೇರಿಗೆ ಬಾಯಿ ಹಾಕಿ ನೀರು, ಲವಣ ಹೀರುತ್ತದೆ. ಆಸರೆಯ ಗಿಡ ಇಲ್ಲದೆ ಗಂಧದ ಸಸಿ ಏಳುವುದಿಲ್ಲ. ಅದಕ್ಕೆ ನರ್ಸರಿಗಳಲ್ಲಿ ಗಂಧದ ಜೊತೆ ಅದೇ ಚೀಲದಲ್ಲಿ ಆಸರೆಗೊಂದು ಗಿಡ ಹಾಕುತ್ತಾರೆ. ಹಾಗೆ ಹಾಕುವುದರಲ್ಲಿ ತೊಗರಿಗೆ ಮೊದಲ ಸಾಲಿನ ಜಾಗ.

ತೋಟಗಾರಿಕೆ ಓದಲು ಸೇರಿದವರಿಗೆ, ಕಲಿಸುವವರಿಗೂ, ಒಂದು ಮಾತು. ದಾಸವಾಳವನ್ನು ಅದರ ಪಾಡಿಗೆ ಬಿಡಿ. ನವೆಂಬರಿನಲ್ಲಿ ವಾಡಿಯಿಂದ ಸೇಡಂ ಗಾಡಿ ಹಿಡಿಯಿರಿ. ಒಂದು ಬ್ಲೇಡು, ಸೂಜಿ, ಹತ್ತು ಪಟ್ಟಿನ ಭೂತಗನ್ನಡಿ ಸಾಕು. ಹೊಲದವರನ್ನು ಕೇಳದೆ ಒಂದು ಮೊಗ್ಗನ್ನೂ ಕೀಳಬೇಡಿ, ಅಭಯಾರಣ್ಯದಲ್ಲಂತೂ ಏನನ್ನೂ ಮುಟ್ಟಬೇಡಿ. ಡಿಸೆಂಬರ್ ಕೊನೆಗೆ ಹೋದರೆ ಹೂವು ಸಿಗುವುದಿಲ್ಲ, ಕಟಾವು ಶುರುವಾಗಿರುತ್ತದೆ.