ಮುಗಿಲ ಮೇಲಿನ ಬಿಸಿಲು

ಸ್ಮರಣಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ಮುಖ್ಯೋಪಾಧ್ಯಾಯಿನಿಯರು ಬರೆಯತಕ್ಕ ವಿಷಯಗಳೆಂದು ಹೆಸರಾದ ಶಿಸ್ತು, ಶುಚಿತ್ವ, ಪರೀಕ್ಷಾಫಲಗಳೇ ನಮ್ಮ ಮನಸ್ಸಿಗೆ ಮೊದಲು ಬಂದವು. ಆದರೆ ನಮ್ಮಿಂದ ತರಗತಿಯಲ್ಲಿ ಆದ ಒಂದು ತಪ್ಪನ್ನು ಬರೆಯುವದೇ ಹೆಚ್ಚು ಯುಕ್ತವೆಂದು ತೋರಿದ್ದರಿಂದ ಅದನ್ನೇ ಬರೆಯುತ್ತೇವೆ.

ಶಾಲೆಯ ಮಾಳಿಗೆಯ ಮೇಲೆ ಸೌರಫಲಕಗಳನ್ನು ಕೂಡ್ರಿಸಿದ ವಾರದಲ್ಲಿ ಒಂಬತ್ತನೆಯ ತರಗತಿಯ ವಿಜ್ಞಾನಪಾಠವನ್ನು ನಾವೇ ತೆಗೆದುಕೊಂಡಿದ್ದೆವು. ಹಗಲೆಲ್ಲ ದುಡಿಯುವ ಈ ಫಲಕಗಳು ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಮಲಗಿಬಿಡುವವೆಂದು ವಿನೋದವಾಗಿ ಹೇಳಿದೆವು. ಆಗ ಹಿಂದಿನ ಬೆಂಚಿನಿಂದ ಬೋರ್ಡಿಂಗಿನ ಹುಡುಗಿಯೊಬ್ಬಳು ಎದ್ದು, “ಅಕ್ಕಾವರೇ, ಅವುಗಳನ್ನು ರಾತ್ರಿಯೇ ಆಗದಷ್ಟು ಎತ್ತರದಲ್ಲಿ ಇಡಬಾರದೇಕೆ?” ಎಂದಳು. “ಇಟ್ಟ ಮೇಲೆ ಕರೆಂಟನ್ನು ಕೆಳಗಿಳಿಸುವದಕ್ಕೆ ಅಷ್ಟುದ್ದದ ತಂತಿಯನ್ನು ಎಲ್ಲಿಂದ ತರುತ್ತೀ?” ಎಂದು ನಾವು ಕೇಳಿದೆವು. ತರಗತಿಯೆಲ್ಲ ನಕ್ಕಿತು, ನಾವೂ ನಕ್ಕೆವು. ಹುಡುಗಿಯು ಕೂತುಕೊಂಡಳು.

ಆಕೆ ಹಾಗೆ ಕೇಳಿದ್ದಕ್ಕೆ ಕಾರಣವಿತ್ತೆಂಬದು ಬೋರ್ಡಿಂಗಿನ ಮೇಟ್ರನ್ ಅವರಿಂದ ಸಾಯಂಕಾಲ ತಿಳಿಯಿತು. ಆಕೆಯ ಊರಿನ ಹೊಲಗಳಿಗೆ ಪಂಪಿನ ತ್ರೀ-ಫೇಸ್ ಕರೆಂಟು ರಾತ್ರಿಯ ಪಾಳಿಯಲ್ಲಿ ಬರುವದಂತೆ. ತಂದೆಯು ನಡುರಾತ್ರಿ ಬ್ಯಾಟರಿ ಹಿಡಿದುಕೊಂಡು ನೀರು ಹಾಯಿಸಲು ಹೋಗುವರು. ತಿರುಗಿ ಬರುವ ತನಕ ತಾಯಿಯು ಕಣ್ಣು ಮುಚ್ಚುವದಿಲ್ಲ. ಪಕ್ಕದ ಹೊಲದವನಿಗೆ ಇಂಥದೇ ರಾತ್ರಿಯಲ್ಲಿ ಹಾವು ಕಚ್ಚಿತ್ತು. ಎಲ್ಲ ಹೊತ್ತಿಗೂ ಕರೆಂಟು ಇದ್ದರೆ ಪಾಳಿ ಯಾತಕ್ಕೆ ಎಂಬದು ಹುಡುಗಿಯ ಲೆಕ್ಕ. ಇದನ್ನು ಕೇಳಿದ ಮೇಲೆ ನಮಗೆ ಊಟ ರುಚಿಸಲಿಲ್ಲ. ಅದೇ ರಾತ್ರಿ ಓದಲು ಕುಳಿತೆವು.

ಓದಿದಾಗ ತಿಳಿದದ್ದೇನಂದರೆ, ನಾವು ಹುಟ್ಟುವದಕ್ಕಿಂತ ಮುಂಚೆಯೇ, 1968ನೆಯ ಇಸವಿಯಲ್ಲಿ, ಪೀಟರ್ ಗ್ಲೇಸರ್ ಎಂಬ ಇಂಜಿನಿಯರರು ಅಮೇರಿಕೆಯ ‘ಸೈನ್ಸ್’ ಪತ್ರಿಕೆಯಲ್ಲಿ ಇದೇ ಮಾತನ್ನು ಬರೆದಿದ್ದರು; 1973ರಲ್ಲಿ ಅದಕ್ಕೆ ಪೇಟೆಂಟನ್ನೂ ಪಡೆದರು. ತಂತಿಯ ಮಾತು ಅವರಿಗೆ ಬೇಕಾಗಲೇ ಇಲ್ಲ. ಆಕಾಶದ ಫಲಕಗಳಲ್ಲಿ ಹುಟ್ಟಿದ ವಿದ್ಯುತ್ತನ್ನು ಮೈಕ್ರೋವೇವ್ ತರಂಗಗಳಾಗಿ ಮಾರ್ಪಡಿಸಿ ಕೆಳಗೆ ಕಳುಹಿಸಬೇಕು. ನೆಲದ ಮೇಲೆ ಹರಡಿದ ಆಂಟೆನಾಗಳ ಜಾಲವು ಅವುಗಳನ್ನು ಹಿಡಿದು ತಿರುಗಿ ವಿದ್ಯುತ್ತನ್ನಾಗಿ ಮಾಡುವದು. ಅಡಿಗೆಯನ್ನು ಬಿಸಿಮಾಡುವ ಪೆಟ್ಟಿಗೆಯಲ್ಲಿರುವವೂ ಇದೇ ಜಾತಿಯ ತರಂಗಗಳು. 1975ರಲ್ಲಿ ಕ್ಯಾಲಿಫೋರ್ನಿಯದ ಗೋಲ್ಡ್‌ಸ್ಟೋನ್ ಎಂಬಲ್ಲಿ ವಿಲಿಯಂ ಬ್ರೌನ್ ಮತ್ತು ಅವರ ಸಂಗಡಿಗರು 30 ಕಿಲೋವಾಟಿಗೂ ಮಿಕ್ಕ ಶಕ್ತಿಯನ್ನು ಒಂದೂವರೆ ಕಿಲೋಮೀಟರು ದೂರಕ್ಕೆ ತಂತಿಯಿಲ್ಲದೆ ಸಾಗಿಸಿ ತೋರಿಸಿದರು. ನಾವು ನಕ್ಕದ್ದು ಅದಾಗಿ ಸುಮಾರು ಅರ್ಧ ಶತಮಾನ ಕಳೆದ ಮೇಲೆ!

ಮುಂದಿನ ಸೋಮವಾರ ಅದೇ ತರಗತಿಗೆ ಹೋಗಿ, ನಾವು ನಕ್ಕದ್ದು ತಪ್ಪೆಂದು ಮೊದಲು ಹೇಳಿದೆವು. ಇಪ್ಪತ್ತು ವರುಷ ಪಾಠ ಹೇಳಿದವರಿಗೆ ಈ ಒಂದು ವಾಕ್ಯವು ಎಷ್ಟು ಭಾರವೆಂಬದು ಹೇಳಿ ನೋಡಿದವರಿಗೇ ಗೊತ್ತು. ಆ ಮೇಲೆ ಪಾಠವನ್ನು ಹೊಸದಾಗಿ ಆರಂಭಿಸಿದೆವು.

ಭೂಮಿಯ ವಾಯುಮಂಡಲದ ಹೊರಗೆ ಒಂದು ಚದರ ಮೀಟರಿನ ಮೇಲೆ ಬೀಳುವ ಬಿಸಿಲು ಸುಮಾರು 1,361 ವಾಟು. ನಿರ್ಮಲವಾದ ನಡುಹಗಲಲ್ಲಿ ನಮ್ಮ ಅಂಗಳಕ್ಕೆ ಮುಟ್ಟುವದು ಹೆಚ್ಚು ಕಡಿಮೆ 1,000 ವಾಟು. ಆದರೆ ಮುಖ್ಯ ಲಾಭವು ಇದಲ್ಲ. ಅಲ್ಲಿ ಮೋಡವಿಲ್ಲ, ಮಳೆಗಾಲವಿಲ್ಲ. ಸಮಭಾಜಕದ ಮೇಲೆ 35,786 ಕಿಲೋಮೀಟರು ಎತ್ತರದಲ್ಲಿ ಇಟ್ಟ ಉಪಗ್ರಹವು ಭೂಮಿಯ ಸಂಗಡವೇ ಸುತ್ತುವದರಿಂದ ಯಾವಾಗಲೂ ನಮ್ಮ ಒಂದೇ ದಿಕ್ಕಿನಲ್ಲಿ ನಿಂತಂತೆ ಕಾಣುವದು.

ಅಷ್ಟು ದೂರದಿಂದ ಬರುವ ಕಿರಣವು ನಮ್ಮನ್ನು ಸುಡುವದಿಲ್ಲವೇ ಎಂದು ಒಬ್ಬಳು ಕೇಳಿದಳು. ಬ್ಯಾಟರಿಯ ಬೆಳಕು ದೂರದ ಗೋಡೆಯ ಮೇಲೆ ಹರಡಿ ಮಂದವಾಗುವಂತೆ ಇದೂ ಹರಡುವದು. 1970ರ ದಶಕದ ಕೊನೆಯಲ್ಲಿ ಅಮೇರಿಕದವರು ಎಳೆದ ನಕ್ಷೆಯಲ್ಲಿ, ಆಕಾಶದ ಆಂಟೆನಾ ಒಂದು ಕಿಲೋಮೀಟರು ಅಗಲವಿದ್ದರೂ, ನೆಲದ ಜಾಲವು 10 ಕಿಲೋಮೀಟರು ಅಗಲ, 13 ಕಿಲೋಮೀಟರು ಉದ್ದ ಇರಬೇಕಾಗಿತ್ತು. ಕಿರಣದ ನಟ್ಟನಡುವೆ ಸಹ ತೀಕ್ಷ್ಣತೆಯು ಮಧ್ಯಾಹ್ನದ ಬಿಸಿಲಿನ ಕಾಲುಭಾಗಕ್ಕಿಂತ ಮಿಗುತ್ತಿರಲಿಲ್ಲ. ಹಾಗೆಂದು ಅದರ ಕೆಳಗೆ ಮನೆ ಕಟ್ಟಿಕೊಳ್ಳಿರೆಂದು ನಾವು ಹೇಳಲಿಲ್ಲ.

ಹೀಗಿದ್ದರೆ ಇನ್ನೂ ಯಾಕೆ ಆಗಿಲ್ಲ? ಇದಕ್ಕೆ ಉತ್ತರವು ವಿಜ್ಞಾನದಲ್ಲಿಲ್ಲ, ತಕ್ಕಡಿಯಲ್ಲಿ ಇದೆ. 2024ರ ಜನವರಿಯಲ್ಲಿ ನಾಸಾ ಸಂಸ್ಥೆಯು ಪ್ರಕಟಿಸಿದ ವರದಿಯಲ್ಲಿ, 2 ಗಿಗಾವಾಟು ಕೊಡುವ ಎರಡು ಮಾದರಿಗಳ ಪೈಕಿ ಹಗುರವಾದದ್ದೇ ಸುಮಾರು 5,900 ಟನ್ನು ತೂಗುವದು. 1998ರಿಂದ ಹದಿಮೂರು ವರುಷ ತುಂಡುತುಂಡಾಗಿ ಒಯ್ದು ಜೋಡಿಸಿದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ತೂಕ ಸುಮಾರು 420 ಟನ್ನು; ಅಂಥವು ಹದಿನಾಲ್ಕು! ಈ ಕರೆಂಟಿನ ಬೆಲೆಯು ನೆಲದ ಮೇಲಿನ ಬಿಸಿಲು, ಗಾಳಿಗಳ ಕರೆಂಟಿಗಿಂತ 12ರಿಂದ 80 ಪಟ್ಟು ಆಗಬಹುದೆಂದು ವರದಿಯು ಎಣಿಸುತ್ತದೆ. ನಮ್ಮ ಪಾವಗಡದ 13,000 ಎಕರೆಯ ಸೌರ ಉದ್ಯಾನವು ಬಿಸಿಲಿರುವಾಗ 2,050 ಮೆಗಾವಾಟು ಕೊಡಬಲ್ಲದು. ಬಡವರ ಪಂಪಿಗೆ ಸದ್ಯಕ್ಕೆ ಇಂಥದೇ ಆಸರೆಯೆಂದು ನಮ್ಮ ಅಭಿಪ್ರಾಯ. ಹುಡುಗಿಯು ಇದಕ್ಕೆ ಒಪ್ಪಲಿಲ್ಲ.

ಆಕೆಯ ಪಕ್ಷಕ್ಕೂ ಸಾಕ್ಷಿಯಿದೆ. ಕ್ಯಾಲ್‌ಟೆಕ್ ವಿದ್ಯಾಲಯದವರು 2023ರ ಜನವರಿ 3ರಂದು ಆಕಾಶಕ್ಕೆ ಕಳುಹಿಸಿದ ಸಣ್ಣ ಯಂತ್ರವು ತಂತಿಯಿಲ್ಲದೆಯೇ ಎರಡು ಪುಟ್ಟ ದೀಪಗಳನ್ನು ಅಲ್ಲಿಯೇ ಹೊತ್ತಿಸಿತು. ಮೇ 22ರಂದು ಅದರ ಕಿರಣವನ್ನು ಪ್ಯಾಸಡೀನಾ ಊರಿನಲ್ಲಿ ವಿದ್ಯಾಲಯದ ಮಾಳಿಗೆಯ ಮೇಲೆಯೇ ಗುರುತಿಸಲಾಯಿತು. ಮುಟ್ಟಿದ ಶಕ್ತಿಯು ಅತ್ಯಲ್ಪ, ಆದರೂ ಮುಟ್ಟಿತು. ಇದನ್ನು ಹೇಳಿದಾಗ ಹಿಂದಿನ ಬೆಂಚು ನೆಟ್ಟಗೆ ಕುಳಿತದ್ದನ್ನು ನಾವು ಕಂಡೆವು.

ಗಂಟೆ ಬಾರಿಸುವದಕ್ಕೆ ಮುಂಚೆ ಆಕೆ ತಾನೇ ಎದ್ದು, “ಅಲ್ಲಿ ರಾತ್ರಿಯೆಂಬದು ಇಲ್ಲವೇ ಇಲ್ಲವೋ?” ಎಂದು ಕೇಳಿದಳು. ಸ್ವಲ್ಪ ಇದೆಯೆಂದು ಹೇಳಬೇಕಾಯಿತು. ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ ಹಗಲಿರುಳು ಸಮನಾಗುವ ದಿನದ ಹಿಂದೆ ಮುಂದೆ ಕೆಲವು ವಾರಗಳ ತನಕ ಭೂಮಿಯ ನೆರಳು ಆ ಉಪಗ್ರಹದ ಮೇಲೆ ಬೀಳುವದು. ದಿನಕ್ಕೆ ಹೆಚ್ಚೆಂದರೆ 72 ನಿಮಿಷ. ಯಾವ ಹೊತ್ತಿಗೆ ಎಂದಳು. ಅದರ ಕೆಳಗಿರುವ ಊರಿಗೆ ನಡುರಾತ್ರಿಯಾಗುವ ಹೊತ್ತಿಗೆ ಎಂದೆವು.

“ಅಪ್ಪನ ಪಾಳಿಯೂ ಆಗಲೇ ಬರುವದು, ಅಕ್ಕಾವರೇ” ಎಂದಳು. ಈ ಸಾರಿ ಮೊದಲು ನಕ್ಕವಳು ಆಕೆಯೇ.